ನೆಟ್ಟಗೆ ನಡೆದರೆ ನೆಟ್ಟಗಾದಂತೆಯೇ?

ಸವದತ್ತಿಯ ಸಮೀಪದಲ್ಲಿ ಮಲಪ್ರಭಾ ನದಿಯು ಗುಡ್ಡದ ಸಾಲನ್ನು ಸೀಳಿಕೊಂಡು ಹರಿಯುವ ಸ್ಥಳಕ್ಕೆ ನವಿಲುತೀರ್ಥವೆಂದು ಹೆಸರು. ಆ ಕಮರಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೂ ಅದರ ಹಿಂದೆ ಹರಡಿರುವ ರೇಣುಕಾಸಾಗರವೂ ಇಂದು ನಾಡಿಗೆಲ್ಲ ಪರಿಚಿತವಾಗಿವೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಂಬ ನಾಲ್ಕು ತಾಲೂಕುಗಳ ಈ ಸೀಮೆಯು ಎರೆಹೊಲಗಳ ಸೀಮೆ, ಗರಡಿಮನೆಗಳ ಸೀಮೆ. ಸಂಜೆಯಾಯಿತೆಂದರೆ ಶಾಲೆಯ ಬಯಲಿನಲ್ಲಿ ಕಬಡ್ಡಿಯ ಕೂಗು ಕೇಳಿಬರುವ ಸೀಮೆ. ಕಿತ್ತೂರಿನ ಉತ್ಸವದಲ್ಲಿ ಕುಸ್ತಿಯ ಕಣದ ಸುತ್ತ ನೆರೆಯುವ ಜನಸಂದಣಿಯನ್ನು ಕಂಡವರಿಗೆ, ಇಲ್ಲಿಯವರಿಗೆ ಅಂಗಸಾಧನೆಯಲ್ಲಿರುವ ಅಕ್ಕರೆಯನ್ನು ಬೇರೆ ಹೇಳಬೇಕಾದುದಿಲ್ಲ.

ಇಂತಹ ಸೀಮೆಯಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ಒಂದು ಸಂಕಟವುಂಟು. ತರುಣನೊಬ್ಬನು ಆಟದ ಭರದಲ್ಲಿ ಕಾಲೂರಿ ಥಟ್ಟನೆ ಹೊರಳುತ್ತಾನೆ. ಮೊಣಕಾಲಿನೊಳಗೆ ಏನೋ ಹರಿದಂತೆ ‘ಟಪ್’ ಎಂದು ಸದ್ದಾಗುತ್ತದೆ. ಕೆಲವೇ ತಾಸುಗಳಲ್ಲಿ ಕೀಲು ಕುಂಬಳಕಾಯಿಯಂತೆ ಬಾತುಕೊಳ್ಳುತ್ತದೆ. ಮನೆಯವರು ಎಣ್ಣೆ ಹಚ್ಚುವರು, ಪಟ್ಟಿ ಕಟ್ಟುವರು. ಎರಡು ಮೂರು ವಾರಗಳಲ್ಲಿ ಬಾವು ಇಳಿದು ಆತನು ಕೋಲು ಬಿಟ್ಟು ನಡೆಯತೊಡಗುವನು. “ಬಾವು ಇಳೀತು, ನೆಟ್ಟಗ ನಡ್ಯಾಕ ಹತ್ಯಾನ, ಇನ್ನೇನ್ ಚಿಂತಿಲ್ಲ” ಎಂದು ಹಿರಿಯರು ಸಮಾಧಾನ ತಾಳುವರು. ಆದರೆ ಮತ್ತೆ ಕಣಕ್ಕಿಳಿದ ದಿನ, ಹೊರಳುವ ಗಳಿಗೆಯಲ್ಲಿ, ಅದೇ ಕಾಲು ಕೈಕೊಡುತ್ತದೆ. ಎರಡನೆಯ ಪೆಟ್ಟು ಅನೇಕವೇಳೆ ಮೊದಲಿನದಕ್ಕಿಂತ ಕೆಟ್ಟದ್ದಾಗಿರುವುದು.

ಹೀಗಾಗುವುದಕ್ಕೆ ಕಾರಣವಿಷ್ಟೆ: ಮೊಣಕಾಲು ನೇರ ನಡೆಯುವ ಬಲವನ್ನು ಬೇಗನೆ ಮರಳಿ ಪಡೆಯುವುದು, ತಿರುಗುವ ಸ್ಥೈರ್ಯವನ್ನು ಪಡೆಯದು. ನೇರ ನಡಿಗೆಯನ್ನು ಕಂಡು ವಾಸಿಯಾಯಿತೆಂದು ತಿಳಿಯುವುದೇ ಅನರ್ಥಕ್ಕೆ ಮೂಲ. ಈ ಒಂದು ಮಾತು ಪ್ರತಿಯೊಂದು ಮನೆಯವರಿಗೂ ಮನದಟ್ಟಾಗಬೇಕೆಂಬುದೇ ಈ ಬರೆಹದ ಉದ್ದೇಶ.

ಬಾಗಿಲಿನ ತಿರುಗಣಿಯಲ್ಲ, ಬೀಸುವ ಕಲ್ಲು

ಮೊಣಕಾಲು ಬಾಗಿಲಿನ ತಿರುಗಣಿಯಂತೆ ಮಡಚಿ ಬಿಚ್ಚುವ ಕೀಲು ಮಾತ್ರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಚಕರು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ಮಂಚದ ಅಂಚಿನಲ್ಲಿ ಕುಳಿತು, ಮೊಣಕಾಲು ಮಡಚಿ, ಪಾದವನ್ನು ನೆಲಕ್ಕೆ ತಾಗಿಸಿರಿ. ಹಿಮ್ಮಡಿಯನ್ನು ಕದಲಿಸದೆ ಕಾಲ್ಬೆರಳುಗಳನ್ನು ಒಳಕ್ಕೂ ಹೊರಕ್ಕೂ ತಿರುಗಿಸಿರಿ. ಮೊಣಕಾಲಿನ ಕೆಳಗಣ ಎಲುಬಿನ ಮೇಲೆ ಕೈಯಿಟ್ಟರೆ ಆ ಎಲುಬೂ ತಿರುಗುವುದು ಅನುಭವಕ್ಕೆ ಬರುವುದು. ಕಾಲನ್ನು ಪೂರ್ತಿ ನೀಡಿಕೊಂಡರೆ ಮೊಣಕಾಲಿನಲ್ಲಿ ಆ ತಿರುಗಾಟವು ನಿಂತುಹೋಗುವುದು; ಆಗ ಪಾದ ತಿರುಗಿದರೆ ಅದು ಸೊಂಟದ ಕೀಲಿನ ಕೆಲಸ. ನೇರವಾಗಿ ನಿಂತ ಮೊಣಕಾಲು ಬೀಗ ಹಾಕಿದಂತೆ ಭದ್ರ. ತುಸು ಮಡಚಿದೊಡನೆ ಬೀಗ ತೆರೆದು ತಿರುಗಲು ಸಿದ್ಧ.

ತೊಡೆಯೆಲುಬಿನ ಕೆಳತುದಿಯಲ್ಲಿ ಎರಡು ಉರುಟು ಗುಬ್ಬಿಗಳಿವೆ. ಕೆಳಗಾಲಿನ ಎಲುಬಿನ ತಲೆಯಾದರೋ ಬಹುಮಟ್ಟಿಗೆ ಚಪ್ಪಟೆ. ಒಳಮಗ್ಗುಲಿನಲ್ಲಿ ಅದು ಕೊಂಚ ತಗ್ಗಾಗಿ ಗುಬ್ಬಿಯನ್ನು ಹಿಡಿದುಕೊಳ್ಳುವುದು. ಹೊರಮಗ್ಗುಲಿನಲ್ಲಿ ಕೊಂಚ ಉಬ್ಬಾಗಿ ಗುಬ್ಬಿಗೆ ಜಾರಲು ಎಡೆಗೊಡುವುದು. ಆದುದರಿಂದ ತಿರುಗುವಾಗ ಒಳಮಗ್ಗುಲು ಬೀಸುವ ಕಲ್ಲಿನ ನಡುಗೂಟದಂತೆಯೂ ಹೊರಮಗ್ಗುಲು ಅಂಚಿನ ಹಿಡಿಗೂಟದಂತೆಯೂ ವರ್ತಿಸುತ್ತವೆ. ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿದ್ದು, ಭಾರವನ್ನು ಹಂಚಿ ಸವೆತವನ್ನು ತಡೆಯುತ್ತವೆ. ವೈದ್ಯರು ಇವನ್ನು ಮೆನಿಸ್ಕಸ್ ಎನ್ನುವರು. ಇಂತಹ ಜಾರುವ ಎಲುಬುಗಳನ್ನು ಒಂದರ ಮೇಲೊಂದು ನಿಲ್ಲಿಸುವುದು ಎಲುಬಿನ ಆಕಾರವಲ್ಲ, ಅವನ್ನು ಬಿಗಿದ ಕಟ್ಟುಗಳು.

ಕಟ್ಟುಗಳ ಮಹಿಮೆಯನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಹಲಗೆಗಳನ್ನು ಹಲವು ಬಂಧನಗಳಿಂದ ಬಿಗಿದ ನಾವೆಯು ಭಾರ ಹೊರಲು ಶಕ್ತವಾಗುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳಿಂದ ಮನುಷ್ಯನು ಭಾರ ಹೊರುವನೆಂದು ಸುಶ್ರುತ ಸಂಹಿತೆಯು ಹೋಲಿಕೆ ಕೊಟ್ಟಿದೆ. ಜಾನುವನ್ನು ಅದು ಮರ್ಮಸ್ಥಾನಗಳಲ್ಲಿ ಎಣಿಸಿ, ಅಲ್ಲಿ ಪೆಟ್ಟಾದರೆ ಕುಂಟುತನ ಬರುವುದೆಂದೂ ಎಚ್ಚರಿಸಿದೆ.

ನಾಲ್ಕು ಮುಖ್ಯ ಬಂಧಗಳು

ಈ ಕಟ್ಟುಗಳಿಗೆ ಲಿಗಮೆಂಟ್ ಎಂದು ವೈದ್ಯರ ಹೆಸರು; ನಾವು ಬಂಧಗಳೆನ್ನೋಣ. ಮುಖ್ಯವಾದವು ನಾಲ್ಕು. ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು, ಇವು ಕಾಲು ಪಕ್ಕಕ್ಕೆ ಬಾಗದಂತೆ ತಡೆಯುತ್ತವೆ. ಉಳಿದೆರಡು ಕೀಲಿನ ಗರ್ಭದಲ್ಲಿ ಕತ್ತರಿಯ ಅಲಗುಗಳಂತೆ ಒಂದನ್ನೊಂದು ದಾಟಿ ನಿಂತಿವೆ. ಮುಂದಿನ ಕತ್ತರಿಬಂಧವನ್ನು ಆಟಗಾರರೂ ವೈದ್ಯರೂ ‘ಏಸಿಎಲ್’ ಎಂದು ಕರೆಯುವರು. ಕೆಳಗಾಲಿನ ಎಲುಬು ಮುಂದಕ್ಕೆ ಜಾರದಂತೆಯೂ ಒಳಕ್ಕೆ ಅತಿಯಾಗಿ ತಿರುಗದಂತೆಯೂ ತಡೆಯುವುದು ಇದರ ಕರ್ತವ್ಯ.

ಇದರ ಉದ್ದ ಸುಮಾರು ೩ ಸೆಂಟಿಮೀಟರು, ದಪ್ಪ ಸುಮಾರು ೧ ಸೆಂಟಿಮೀಟರು; ಕಿರುಬೆರಳಿನ ತುಂಡಿನಷ್ಟು. ಆದರೂ ತರುಣರ ಬಂಧವು ಹರಿಯಬೇಕಾದರೆ ಸುಮಾರು ೨೨೦ ಕಿಲೋಗ್ರಾಂ ತೂಕದಷ್ಟು ಸೆಳೆತ ಬೇಕೆಂದು ಪ್ರಯೋಗಗಳು ತೋರಿಸಿವೆ. ಇದರಲ್ಲಿ ಎರಡು ಎಳೆಗಟ್ಟುಗಳಿವೆ. ಒಂದು ಮೊಣಕಾಲು ಮಡಚಿದಾಗ ಬಿಗಿಯುವುದು. ಇನ್ನೊಂದು ಕಾಲು ನೇರವಾಗುತ್ತ ಬಂದಾಗ ಬಿಗಿದು, ತಿರುಗಾಟವನ್ನು ವಿಶೇಷವಾಗಿ ಹಿಡಿತದಲ್ಲಿಡುವುದು.

ಹರಿಯುವ ಬಗೆ

ಇಷ್ಟು ಬಲವಾದುದು ಹರಿಯುವುದೆಂತು? ಅನೇಕವೇಳೆ ಎದುರಾಳಿಯ ಹೊಡೆತವೇ ಬೇಕಾಗುವುದಿಲ್ಲ. ಪಾದವು ನೆಲಕ್ಕೆ ನೆಟ್ಟಿರುವುದು, ಮೊಣಕಾಲು ತುಸು ಮಡಚಿ ಒಳಕ್ಕೆ ಬಾಗುವುದು, ಮೈಭಾರವೆಲ್ಲ ಆ ಕಾಲಿನ ಮೇಲೆ ಹೊರಳುವುದು; ಇಷ್ಟೇ ಸಾಕು. ಜಿಗಿದು ನೆಲಕ್ಕಿಳಿಯುವಾಗ, ಓಡುತ್ತ ಥಟ್ಟನೆ ದಿಕ್ಕು ಬದಲಿಸುವಾಗ ಹೀಗಾಗುವುದು. ಕಬಡ್ಡಿಯಲ್ಲಿ ದಾಳಿಗಾರನು ಮಧ್ಯರೇಖೆಯ ಕಡೆ ಹೊರಳುವ ಗಳಿಗೆಯಲ್ಲಿಯೇ ಹಿಂದಿನಿಂದ ಪಾದವನ್ನು ಹಿಡಿದರೆ ಮೈ ತಿರುಗುವುದು, ಪಾದ ತಿರುಗದು; ನಡುವಣ ಮೊಣಕಾಲೇ ಆ ತಿರುಚನ್ನು ತಾಳಬೇಕು. ಕುಸ್ತಿಯಲ್ಲಿ ಕಾಲು ಪಟ್ಟಿನಲ್ಲಿ ಸಿಕ್ಕಾಗಲೂ ಇದೇ ಗತಿ. ಆಟವಾಡದವರೂ ಇದಕ್ಕೆ ಹೊರತಲ್ಲ. ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆನೆಲದಲ್ಲಿ ಹೊರೆ ಹೊತ್ತವರ ಪಾದ ಸಿಕ್ಕಿಕೊಂಡಾಗಲೂ, ಮೋಟಾರು ಸೈಕಲ್ಲು ಕಾಲಿನ ಮೇಲೆ ಮಗುಚಿದಾಗಲೂ ಈ ಬಂಧ ಹರಿಯಬಹುದು.

ನಮ್ಮ ಹೆಣ್ಣುಮಕ್ಕಳು ಇಂದು ಖೋಖೋ, ಕಬಡ್ಡಿ, ಕುಸ್ತಿಗಳಲ್ಲಿ ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ಫುಟ್‌ಬಾಲು, ಬಾಸ್ಕೆಟ್‌ಬಾಲುಗಳಂತಹ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯವು ಎರಡು ಮೂರು ಪಾಲು ಹೆಚ್ಚಾಗಿ ಕಂಡುಬಂದಿದೆ. ಇದು ಅವರನ್ನು ಆಟದಿಂದ ಬಿಡಿಸಲು ಕಾರಣವಲ್ಲ. ಅವರಿಗೆ ಸರಿಯಾದ ಶಿಕ್ಷಣ ಕೊಡಿಸಲು ಕಾರಣ.

ನೇರ ನಡಿಗೆಯ ಮೋಸ

ಒಳಮಗ್ಗುಲಿನ ಬಂಧವು ಹರಿದರೆ ಬಹುಮಟ್ಟಿಗೆ ತಾನಾಗಿ ಕೂಡಿಕೊಳ್ಳುವುದು. ಏಸಿಎಲ್ಲಿಗೆ ಆ ಭಾಗ್ಯವು ಅಪರೂಪ. ಅದು ಕೀಲಿನ ದ್ರವದಲ್ಲಿ ಮುಳುಗಿರುವುದರಿಂದ ಹರಿದ ತುದಿಗಳ ನಡುವೆ ರಕ್ತವು ಹೆಪ್ಪುಗಟ್ಟಿ ನಿಲ್ಲದು. ತುದಿಗಳು ದೂರ ಸರಿದು ಕರಗುತ್ತ ಹೋಗುವುವು. ಆದರೂ ನೇರ ನಡೆಯುವಾಗ ತೊಡೆಯ ಸ್ನಾಯುಗಳೂ ಉಳಿದ ಬಂಧಗಳೂ ಆ ಕೊರತೆಯನ್ನು ಮುಚ್ಚುತ್ತವೆ. ಇಂತಹ ಕಾಲಿನವನು ಎಲ್ಲಮ್ಮನ ಗುಡ್ಡದ ಜಾತ್ರೆಗೆ ನಡೆದುಕೊಂಡೇ ಹೋಗಿ ಬಂದಾನು. ಜಾತ್ರೆಯ ನೂಕುನುಗ್ಗಲಿನಲ್ಲಿ ಯಾರೋ ಕರೆದರೆಂದು ಥಟ್ಟನೆ ಹೊರಳಿದಾಗ ಮಾತ್ರ ಗುಟ್ಟು ಬಯಲಾಗುವುದು.

ಆಗ ಒಳಗೆ ನಡೆಯುವುದಿಷ್ಟು. ಕಾಲು ಬಹುತೇಕ ನೇರವಾಗಿರುವಾಗ ಕೆಳಗಾಲಿನ ಎಲುಬಿನ ಹೊರಮಗ್ಗುಲು ತಡೆಯಿಲ್ಲದೆ ಮುಂದಕ್ಕೆ ಜಾರಿ ಒಳಕ್ಕೆ ತಿರುಗುವುದು. ಮೊಣಕಾಲು ತುಸು ಮಡಚಿದೊಡನೆ, ತೊಡೆಯ ಹೊರಬದಿಯ ಪಟ್ಟಿಯು ಅದನ್ನು ಹಿಂದಕ್ಕೆ ಸೆಳೆದು ಧಡಕ್ಕನೆ ಸ್ವಸ್ಥಾನಕ್ಕೆ ತರುವುದು. ಈ ಜಾರಾಟವನ್ನು ವೈದ್ಯನು ತನ್ನ ಕೈಯಿಂದಲೇ ಕಂಡುಹಿಡಿಯುವ ಪರೀಕ್ಷೆಗೆ ‘ಪಿವಟ್ ಶಿಫ್ಟ್’ ಎಂದು ಹೆಸರು. ಕೆನಡಾ ದೇಶದ ಗಾಲ್ವೇ, ಮ್ಯಾಕಿಂಟಾಷ್ ಮೊದಲಾದವರು ೧೯೭೨ರಲ್ಲಿ ಇದನ್ನು ವಿವರಿಸಿದರು. ಎಲುಬು ಮುಂದಕ್ಕೆ ಜಾರುವುದನ್ನು ಮಾತ್ರ ಅಳೆಯುವ ಇನ್ನೊಂದು ಪರೀಕ್ಷೆಯಾದ ‘ಲ್ಯಾಕ್‌ಮನ್’ ೧೯೭೬ರಲ್ಲಿ ಪ್ರಕಟವಾಯಿತು. ಬಂಧ ಹರಿದಿದೆಯೇ ಎಂಬ ಪ್ರಶ್ನೆಗೆ ಇದು ಉತ್ತರ ಕೊಡುವುದು; ಹರಿದ ಕಾಲು ತಿರುಗುವಾಗ ನಿಲ್ಲುವುದೇ ಎಂಬುದಕ್ಕೆ ಮೊದಲಿನದು.

ಕಾಲು ಕೈಕೊಟ್ಟ ಪ್ರತಿಯೊಂದು ಸಲವೂ ಮೆನಿಸ್ಕಸ್ ಮೆತ್ತೆಗಳು ಎಲುಬುಗಳ ನಡುವೆ ಸಿಕ್ಕಿ ಅರೆಯಲ್ಪಡುವುವು. ಮೆತ್ತೆ ಹರಿದರೆ ಎಲುಬಿನ ನುಣುಪು ಹೊದಿಕೆ ಸವೆಯತೊಡಗುವುದು. ಮುದಿತನದಲ್ಲಿ ಬರಬೇಕಾದ ಮೊಣಕಾಲು ಬೇನೆ ನಡುವಯಸ್ಸಿನಲ್ಲಿಯೇ ಬರಬಹುದು. ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ದುಡಿಯಬೇಕಾದವರಿಗೆ ಇದೆಂತಹ ನಷ್ಟವೆಂಬುದನ್ನು ಒಕ್ಕಲುಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಹೊರಮಗ್ಗುಲಿನ ಮರೆತ ಬಂಧ

ಇಲ್ಲೊಂದು ಸ್ವಾರಸ್ಯವಾದ ಚರಿತ್ರೆಯುಂಟು. ೧೮೭೯ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಸೆಗೊಂದನು, ಮೊಣಕಾಲಿನ ಹೊರಮಗ್ಗುಲಿನ ಮುಂಬದಿಯಲ್ಲಿ ಮುತ್ತಿನ ಬಣ್ಣದ ಗಟ್ಟಿಯಾದ ನಾರುಪಟ್ಟಿಯೊಂದಿದ್ದು, ಕೆಳಗಾಲು ಒಳಕ್ಕೆ ತಿರುಚಿದಾಗ ಅದು ಬಿಗಿದು ಎಲುಬಿನ ಚೂರನ್ನೇ ಕಿತ್ತುಕೊಂಡು ಬರಬಹುದೆಂದು ಬರೆದನು. ಎಕ್ಸರೇ ಚಿತ್ರದಲ್ಲಿ ಆ ಚೂರು ಕಂಡರೆ ಏಸಿಎಲ್ ಹರಿದಿರುವ ಸಂಭವ ಬಹಳವೆಂದು ಇಂದಿಗೂ ವೈದ್ಯರು ಎಣಿಸುವರು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ೨೦೧೩ರಲ್ಲಿ, ಬೆಲ್ಜಿಯಂ ದೇಶದ ಕ್ಲಾಸ್, ಬೆಲ್ಲೆಮನ್ಸ್ ಮತ್ತು ಸಂಗಡಿಗರು ೪೧ ಶವಗಳ ಮೊಣಕಾಲುಗಳನ್ನು ಶೋಧಿಸಿ, ೪೦ರಲ್ಲಿ ಆ ಪಟ್ಟಿಯನ್ನು ಕಂಡು, ಅದನ್ನು ಸ್ಪಷ್ಟವಾಗಿ ವರ್ಣಿಸಿದರು. ಹೊಸ ಅಂಗವೊಂದು ದೊರೆಯಿತೆಂದು ವೃತ್ತಪತ್ರಿಕೆಗಳು ಸಾರಿದವು. ಅದು ಸ್ವತಂತ್ರ ಬಂಧವೋ ಕೀಲಿನ ಹೊದಿಕೆಯ ದಪ್ಪನೆಯ ಭಾಗವೋ ಎಂದು ವಿದ್ವಾಂಸರಲ್ಲಿ ವಾದ ನಡೆಯಿತು.

ವಾದವೇನೇ ಇರಲಿ, ತತ್ತ್ವವು ಸರಳ. ತಿರುಗುತ್ತಿರುವ ಬೀಸುವ ಕಲ್ಲನ್ನು ನಿಲ್ಲಿಸಬೇಕಾದರೆ ನಡುಗೂಟವನ್ನು ಹಿಡಿದರೆ ಬಹಳ ಬಲ ಬೇಕು. ಅಂಚಿನ ಹಿಡಿಗೂಟವನ್ನು ಹಿಡಿದರೆ ಸ್ವಲ್ಪವೇ ಸಾಕು. ಏಸಿಎಲ್ ಇರುವುದು ಕೀಲಿನ ನಡುವೆ. ಹೊರಮಗ್ಗುಲಿನ ಪಟ್ಟಿಗಳಿರುವುದು ಅಂಚಿನಲ್ಲಿ. ಆದಕಾರಣ ತಿರುಗಾಟವನ್ನು ತಡೆಯುವಲ್ಲಿ ಅಂಚಿನವು ನಡುವಿನದಕ್ಕೆ ದೊಡ್ಡ ಆಸರೆ. ಏಸಿಎಲ್ಲನ್ನು ಮಾತ್ರ ಕಟ್ಟಿದ ಕೆಲವು ಮೊಣಕಾಲುಗಳು ಶಸ್ತ್ರಕ್ರಿಯೆಯ ತರುವಾಯವೂ ತಿರುಗುವಾಗ ಜಾರುವುದೇಕೆಂಬುದು ಇದರಿಂದ ತಿಳಿಯುವುದು. ಕೆನಡಾ ಹಾಗೂ ಯೂರೋಪಿನಲ್ಲಿ ೧೪ರಿಂದ ೨೫ ವರ್ಷದ ೬೧೮ ಮಂದಿಯ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏಸಿಎಲ್ಲನ್ನು ಮಾತ್ರ ಕಟ್ಟಿದವರಲ್ಲಿ ಎರಡು ವರ್ಷಗಳೊಳಗೆ ನೂರಕ್ಕೆ ೧೧ ಮಂದಿಯ ಹೊಸಬಂಧ ಮತ್ತೆ ಹರಿಯಿತು. ತೊಡೆಯ ಹೊರಪಟ್ಟಿಯ ಎಳೆಯೊಂದರಿಂದ ಹೊರಮಗ್ಗುಲನ್ನೂ ಬಿಗಿದವರಲ್ಲಿ ನೂರಕ್ಕೆ ೪ ಮಂದಿಯದು ಮಾತ್ರ. ಎಲ್ಲರಿಗೂ ಈ ಎರಡನೆಯ ಬಿಗಿತ ಬೇಕಿಲ್ಲ. ತಿರುಗಾಟದ ಆಟಗಳನ್ನಾಡುವ ಎಳೆಯರ ವಿಷಯದಲ್ಲಿ ವೈದ್ಯರನ್ನು ಕೇಳಿ ತಿಳಿಯತಕ್ಕದ್ದು.

ಮೊದಲ ದಿನದ ಕರ್ತವ್ಯ

ಪೆಟ್ಟಾದೊಡನೆ ಆಟ ನಿಲ್ಲಿಸಬೇಕು. ಬರ್ಫವನ್ನು ಬಟ್ಟೆಯಲ್ಲಿ ಸುತ್ತಿ ೧೫-೨೦ ನಿಮಿಷ ಇಡಬೇಕು. ಬರ್ಫವಿಲ್ಲದಿದ್ದರೆ ತಣ್ಣೀರಿನ ಪಟ್ಟಿಯಾದರೂ ಸರಿ. ಹದವಾಗಿ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಬೇಕು. ಬಿಸಿ ಎಣ್ಣೆಯ ತಿಕ್ಕಾಟ, ‘ಕೀಲು ಕೂಡಿಸುವೆ’ನೆಂದು ಎಳೆದು ತಿರುವುವುದು, ಇವೆರಡೂ ಕೂಡವು. ಬಿದಿರು ಪಟ್ಟಿ ಕಟ್ಟಿ ಮುರಿದ ಎಲುಬನ್ನು ಕೂಡಿಸುವ ಹಳ್ಳಿಯ ಕೈಗುಣದ ಮೇಲೆ ನಮ್ಮ ಜನಕ್ಕೆ ನಂಬಿಕೆಯುಂಟು. ಆದರೆ ಇಲ್ಲಿ ಮುರಿದುದು ಎಲುಬಲ್ಲ, ಹರಿದುದು ಬಂಧ ಎಂಬುದನ್ನು ನೆನಪಿಡಬೇಕು.

ಪಾದವು ತಣ್ಣಗಾದರೆ, ಜೋಮು ಹಿಡಿದರೆ, ಬಣ್ಣಗೆಟ್ಟರೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಕಾಲು ಮಡಚಿದಲ್ಲಿಯೇ ಸಿಕ್ಕಿ ನೇರವಾಗದಿದ್ದರೂ ತಡಮಾಡಬಾರದು. ಉಳಿದ ಸಂದರ್ಭಗಳಲ್ಲಿ ತಾಲೂಕಿನ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯಿಸಿ ಎಲುಬು ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಬಹುದು. ಎಕ್ಸರೇಯಲ್ಲಿ ಬಂಧಗಳು ಕಾಣಿಸವು. ‘ಎಕ್ಸರೇ ಸ್ವಚ್ಛವಿದೆ’ ಎಂದರೆ ಬಂಧ ಉಳಿದಿದೆಯೆಂದು ಅರ್ಥವಲ್ಲ. ಬಾವು, ನೋವುಗಳಿರುವ ಮೊದಲ ದಿನಗಳಲ್ಲಿ ಕೈಪರೀಕ್ಷೆಯೂ ತಪ್ಪಬಹುದು. ಹತ್ತು ಹದಿನೈದು ದಿನಗಳ ಮೇಲೆ ಎಲುಬುಕೀಲುಗಳ ವೈದ್ಯರಿಗೆ ಮತ್ತೊಮ್ಮೆ ತೋರಿಸುವುದು ಅವಶ್ಯ. ಇದಕ್ಕಾಗಿ ಬೆಳಗಾವಿ, ಹುಬ್ಬಳ್ಳಿಗಳ ಸರಕಾರಿ ವೈದ್ಯ ವಿದ್ಯಾಲಯಗಳ ಆಸ್ಪತ್ರೆಗಳು ಈ ಸೀಮೆಯವರಿಗೆ ಇವೆ. ಬೇಕೆನಿಸಿದರೆ ವೈದ್ಯರು ಎಂಆರ್‌ಐ ಚಿತ್ರ ತೆಗೆಯಿಸುವರು. ವೆಚ್ಚದ ವಿಷಯದಲ್ಲಿ ಆಯುಷ್ಮಾನ್ ಚೀಟಿಯಿಂದ ಏನು ದೊರೆಯುವುದೆಂದು ಅಲ್ಲಿಯೇ ಮೊದಲು ವಿಚಾರಿಸಿಕೊಳ್ಳುವುದು ಜಾಣತನ.

ಶಸ್ತ್ರಕ್ರಿಯೆ ಎಲ್ಲರಿಗೂ ಬೇಕೇ?

ಬೇಡ. ಸ್ವೀಡನ್ನಿನಲ್ಲಿ ೧೨೧ ತರುಣರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗನೆ ಶಸ್ತ್ರಕ್ರಿಯೆಯನ್ನೂ ವ್ಯಾಯಾಮವನ್ನೂ, ಇನ್ನೊಂದಕ್ಕೆ ಮೊದಲು ವ್ಯಾಯಾಮವನ್ನು ಮಾತ್ರ ಕೊಟ್ಟು ನೋಡಿದರು. ೨೦೧೦ರಲ್ಲಿ ಪ್ರಕಟವಾದ ಫಲದಂತೆ, ಎರಡು ವರ್ಷಗಳ ಮೇಲೆ ಗುಂಪುಗಳಲ್ಲಿ ಗಮನಿಸತಕ್ಕ ಭೇದವಿರಲಿಲ್ಲ. ಆದರೆ ಎರಡನೆಯ ಗುಂಪಿನ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷಗಳೊಳಗೆ ಶಸ್ತ್ರಕ್ರಿಯೆ ಬೇಕಾಯಿತು. ಇದರಿಂದ ತಿಳಿಯುವುದೇನೆಂದರೆ, ತಿರುಗಾಟದ ಆಟ ಬಿಟ್ಟು, ತೊಡೆಯ ಬಲ ಬೆಳೆಸಿಕೊಂಡು, ಕಾಲು ಒಮ್ಮೆಯೂ ಕೈಕೊಡದೆ ಬಾಳುವವರಿಗೆ ವ್ಯಾಯಾಮವೇ ಸಾಕಾಗಬಹುದು. ಕಬಡ್ಡಿ ಕುಸ್ತಿಗಳಿಗೆ ಮರಳಲೇಬೇಕೆನ್ನುವವರಿಗೂ, ವ್ಯಾಯಾಮ ಮಾಡಿದರೂ ಕಾಲು ಜಾರುತ್ತಲೇ ಇರುವವರಿಗೂ, ಮೆತ್ತೆ ಹರಿದವರಿಗೂ ಶಸ್ತ್ರಕ್ರಿಯೆಯ ಆಲೋಚನೆ ಬೇಕು.

ಹರಿದ ಬಂಧದ ಸ್ಥಾನದಲ್ಲಿ ಬೇರೊಂದನ್ನು ಕಟ್ಟುವ ಕ್ರಮವನ್ನು ಇಂಗ್ಲೆಂಡಿನ ಹೇ ಗ್ರೋವ್ಸನು ೧೯೧೭ರಲ್ಲಿ ಪ್ರಕಟಿಸಿದನು. ಇಂದು ಸಣ್ಣ ರಂಧ್ರಗಳ ಮೂಲಕ ದುರ್ಬೀನು ತೂರಿಸಿ, ರೋಗಿಯದೇ ತೊಡೆಯ ಹಿಂಬದಿಯಿಂದಲೋ ಮೊಣಕಾಲ ಚಿಪ್ಪಿನ ಕೆಳಗಿನಿಂದಲೋ ತೆಗೆದ ನಾರನ್ನು ಎಲುಬಿನಲ್ಲಿ ಕೊರೆದ ಹಾದಿಗಳೊಳಗೆ ಕೂಡಿಸುವರು.

ಒಂಬತ್ತು ತಿಂಗಳ ತಾಳ್ಮೆ

ಕಟ್ಟಿದ ದಿನವೇ ಬಂಧವು ಬಂಧವಾಗುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಆ ನಾರು ಇನ್ನಷ್ಟು ದುರ್ಬಲವಾಗಿ, ಬಳಿಕ ಮೆಲ್ಲಮೆಲ್ಲನೆ ರಕ್ತ ಸಂಚಾರ ಪಡೆದು ಜೀವಂತ ಬಂಧವಾಗಿ ಮಾರ್ಪಡುವುದು. ನೋವಿಲ್ಲವೆಂದು ಮೂರನೆಯ ತಿಂಗಳಲ್ಲಿ ಆಟಕ್ಕಿಳಿದವನು ಹಸಿಗೋಡೆಗೆ ತೊಲೆ ಹೇರಿದವನಂತೆ. ಓಸ್ಲೋ ನಗರದ ಸಂಶೋಧಕರು ೨೦೧೬ರಲ್ಲಿ ತಿಳಿಸಿದಂತೆ, ಒಂಬತ್ತು ತಿಂಗಳ ತನಕ ಆಟಕ್ಕೆ ಮರಳುವುದನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣವು ಸುಮಾರು ಅರ್ಧದಷ್ಟು ಇಳಿಯಿತು. ದಿನಗಳ ಎಣಿಕೆಯೊಂದೇ ಸಾಲದು; ಗಾಯಗೊಂಡ ಕಾಲಿನ ಬಲವು ಇನ್ನೊಂದು ಕಾಲಿನದಕ್ಕೆ ಬಹುಮಟ್ಟಿಗೆ ಸರಿಬಂದು, ಒಂಟಿಗಾಲಿನ ಜಿಗಿತ, ಹೊರಳುಗಳಲ್ಲಿ ಕಾಲು ಸ್ಥಿರವಾಗಿ ನಿಲ್ಲಬೇಕು.

ತಾಳ್ಮೆಗೆ ಫಲವುಂಟು. ಹಿಂದೆ ಬೆಂಗಳೂರಿನ ತಂಡಕ್ಕೆ ಆಡಿದ್ದ ಕಬಡ್ಡಿಪಟು ಪವನ್ ಸೆಹ್ರಾವತರು ೨೦೨೨ರ ಅಕ್ಟೋಬರದಲ್ಲಿ ಬೆಂಗಳೂರಿನ ಕಣದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಆ ವರ್ಷದ ಪಂದ್ಯಾವಳಿಯನ್ನೆಲ್ಲ ಕಳೆದುಕೊಂಡರು. ಮರುವರ್ಷದ ಅಕ್ಟೋಬರದಲ್ಲಿ ಭಾರತದ ನಾಯಕರಾಗಿ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದರು. ಕುಸ್ತಿಪಟು ವಿನೇಶ್ ಫೋಗಾಟರ ಏಸಿಎಲ್ ಶಸ್ತ್ರಕ್ರಿಯೆ ನಡೆದುದು ೨೦೨೩ರ ಆಗಸ್ಟಿನಲ್ಲಿ. ೨೦೨೪ರ ಆಗಸ್ಟ್ ೬ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅವರು ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದರು. ಇಬ್ಬರ ಕಥೆಯಲ್ಲಿಯೂ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಸಾಧನೆಯಿದೆ.

ಬಡ ಒಕ್ಕಲಿಗನ ಮನೆಯಲ್ಲಿ ದುಡಿಯುವ ಮಗನು ಅಷ್ಟು ಕಾಲ ಕೂಡ್ರುವುದೆಂತು ಎಂದು ಕೇಳಬಹುದು. ಪೂರ್ತಿ ಕೂಡ್ರಬೇಕಾಗಿಲ್ಲ. ಕುಳಿತು ಮಾಡುವ, ಸಮನೆಲದಲ್ಲಿ ನಡೆದು ಮಾಡುವ ಕೆಲಸಗಳನ್ನು ವೈದ್ಯರನ್ನು ಕೇಳಿಕೊಂಡು ಒಂದೊಂದಾಗಿ ಕೈಗೊಳ್ಳಬಹುದು. ಕಣ, ಕಬಡ್ಡಿ, ಹೊರೆಹೊತ್ತು ಬದು ದಾಟುವುದು, ಇವು ಮಾತ್ರ ಕಾಯಲಿ. ಅವಸರದಿಂದ ಉಳಿಸಿದ ಮೂರು ತಿಂಗಳಿಗೆ ಮುಂದೆ ಹಲವು ವರ್ಷಗಳ ಬಡ್ಡಿ ತೆರಬೇಕಾದೀತು.

ಬರುವುದಕ್ಕೆ ಮೊದಲೇ ತಡೆ

ನಾರ್ವೆಯಲ್ಲಿ ೧೨೦ ಕ್ರೀಡಾಸಂಘಗಳ ೧೮೩೭ ಎಳೆಯ ಆಟಗಾರರಲ್ಲಿ ಒಂದು ಪಾಲಿನವರಿಗೆ ಆಟಕ್ಕೆ ಮುಂಚೆ ಕಾಲು ಗಂಟೆಯ ಕ್ರಮಬದ್ಧ ವ್ಯಾಯಾಮ ಕಲಿಸಲಾಯಿತು. ೨೦೦೫ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಮೊಣಕಾಲು, ಹರಡುಗಳ ಗಾಯಗಳು ಸುಮಾರು ಅರ್ಧಕ್ಕಿಳಿದುವು. ಅದಕ್ಕೆ ಬೇಕಾದ ಸಲಕರಣೆಗಳು ಅಲ್ಪ. ಮೆಲ್ಲನೆ ಓಟ, ಮುಂದೆ ಹಿಂದೆ ಪಕ್ಕಕ್ಕೆ ಹೆಜ್ಜೆ, ಒಂಟಿಗಾಲಿನ ನಿಲುವು, ಜಿಗಿದು ಎರಡೂ ಮೊಣಕಾಲು ಮಡಚಿ ಸದ್ದಿಲ್ಲದೆ ಇಳಿಯುವುದು, ಮೊಣಕಾಲು ಒಳಕ್ಕೆ ಬೀಳದೆ ಕಾಲ್ಬೆರಳುಗಳ ನೇರಕ್ಕೇ ಮಡಚುವಂತೆ ನೋಡಿಕೊಳ್ಳುವುದು. ನಮ್ಮ ಗರಡಿಯ ಬೈಠಕ್ಕನ್ನೇ ಎಣಿಕೆಯ ಹುಚ್ಚಿಲ್ಲದೆ, ನಿಧಾನವಾಗಿ, ಈ ನೇರವನ್ನು ಕಾಯ್ದುಕೊಂಡು ಮಾಡಿದರೆ ಉತ್ತಮ ಸಾಧನೆಯಾಗುವುದು. ತೊಡೆಯ ಹಿಂಬದಿಯ ಸ್ನಾಯುಗಳು ಕೆಳಗಾಲನ್ನು ಹಿಂದಕ್ಕೆಳೆದು ಏಸಿಎಲ್ಲಿನ ಹೊರೆಯನ್ನು ಹಂಚಿಕೊಳ್ಳುವುದರಿಂದ ಅವುಗಳ ಬಲವನ್ನೂ ಮರೆಯಬಾರದು. ಶಾಲೆಯ ಗುರುಗಳೂ ಗರಡಿಯ ಉಸ್ತಾದರೂ ಮನಸ್ಸು ಮಾಡಿದರೆ ನಾಳೆಯಿಂದಲೇ ಇದನ್ನು ಆರಂಭಿಸಬಹುದು.

ತಾಯಂದಿರಲ್ಲಿಯೂ ಹಿರಿಯರಲ್ಲಿಯೂ ಒಂದು ವಿಜ್ಞಾಪನೆ. ಮಗನೋ ಮಗಳೋ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಬಂದು, ಬಾವು ಇಳಿದು ನಡೆದಾಡತೊಡಗಿದಾಗ, “ನಡೀಲಿಕ್ಕೆ ಬರತೈತೇನೊ ತಮ್ಮಾ?” ಎಂದು ಕೇಳಿ ಸುಮ್ಮನಾಗಬೇಡಿರಿ. “ಹೊಳ್ಳುವಾಗ ಕಾಲು ಜಾರತೈತೇನು?” ಎಂದೂ ಕೇಳಿರಿ. ಹೌದೆಂದು ಉತ್ತರ ಬಂದರೆ ವೈದ್ಯರ ಬಾಗಿಲಿಗೆ ಹೋಗುವ ತನಕ ಆಟದ ಬಯಲಿಗೆ ಕಳಿಸಬೇಡಿರಿ.